ಕಡೆಯುವ ಕಲ್ಲಿನ ಗುಂಡು

ನಮ್ಮ ಮನೆಯ ಚಾವಡಿಯಿಂದ ಒಳಕೋಣೆಗೆ ಹೋಗುವ ಬಾಗಿಲು ತನ್ನಷ್ಟಕ್ಕೇ ಮುಚ್ಚಿಕೊಳ್ಳುತ್ತದೆ. ಕಟ್ಟುವಾಗಲೇ ದಾರಂದ ವಾಲಿತ್ತು. ಸರಿಮಾಡಿಕೊಡುತ್ತೇನೆ ಎಂದ ಆಚಾರಿ ಮತ್ತೆ ಬರಲಿಲ್ಲ. ಅದಕ್ಕೆ ಅಡ್ಡ ಇಡಲು ಒಂದು ಕಲ್ಲಿನ ಚೂರು ಇದೆ. ಒಂದು ಬದಿ ಕೈ ಜಾರುವಷ್ಟು ನಯ, ಒಡೆದ ಬದಿ ಒರಟು. ನನ್ನ ತಮ್ಮ ದೇರಣ್ಣನ ಮಸಾಲೆ ಕಡೆಯುವ ಕಲ್ಲಿನ ಬಾಯಿಯಿಂದ ಹಾರಿದ ಚೂರು ಅದು.

ದೇರಣ್ಣ ಅಡಿಗೆಯವನು. ಕೋಡಿಂಬಾಳದ ಸುತ್ತಮುತ್ತ ಮದುವೆಗೆ, ಉತ್ತರಕ್ರಿಯೆಗೆ, ಮನೆ ಒಕ್ಕಲಿಗೆ ಅವನನ್ನೇ ಕರೆಯುತ್ತಿದ್ದರು. ಎಷ್ಟು ಜನ ಇದ್ದರೂ ಪೇಟೆಯ ಪುಡಿ ಹಾಕಿದವನಲ್ಲ, ಎಲ್ಲ ಕಲ್ಲಿನಲ್ಲಿ ಕಡೆದೇ ಆಗಬೇಕು. ಬಡಿಸಿ, ಪಾತ್ರೆ ತೊಳೆಯಲು ಹೇಳಿ, ಎಲ್ಲರೂ ಎದ್ದ ಮೇಲೆ ಒಂದು ಮೂಲೆಯಲ್ಲಿ ಕೂತು ಊಟ ಮಾಡುತ್ತಿದ್ದ. ಅದೂ ನಿಧಾನ. ಚಪ್ಪರ ಬಿಚ್ಚುವವರು ಬಂದು ನಿಂತರೂ ಅವನ ಎಲೆಯಲ್ಲಿ ಅನ್ನ ಇರುತ್ತಿತ್ತು.

ಕೇಟರಿಂಗಿನವರು ಬಂದ ಮೇಲೆ ಕರೆಯುವವರು ಕಡಿಮೆಯಾದರು. ಯಾರೋ ಹೇಳಿ, ಮಂಗಳೂರಿನ ಹಳೆ ಬಂದರಿನಿಂದ ದ್ವೀಪಗಳಿಗೆ ಜಲ್ಲಿ, ಸಿಮೆಂಟು, ತರಕಾರಿ ಒಯ್ಯುವ ಒಂದು ಹಡಗಿಗೆ ಅಡಿಗೆಗೆ ಸೇರಿದ. ಅಲ್ಲಿ ಮಿಕ್ಸಿ ಇರಲಿಲ್ಲ. ಇದ್ದಿದ್ದರೂ ಮುಟ್ಟುತ್ತಿರಲಿಲ್ಲ. ಮನೆಯ ಕಲ್ಲನ್ನೇ ಒಯ್ಯುತ್ತೇನೆಂದು ಹಠ ಹಿಡಿದ. ಜೀಪಿಗೆ ಏರಿಸುವಾಗ ಕಲ್ಲು ಜಾರಿ ಮೆಟ್ಟಿಲಿಗೆ ಬಡಿದು ಬಾಯಿಯ ಹತ್ತಿರ ಒಡೆಯಿತು. ಒಡೆದರೆ ಒಡೆಯಿತು, ಕಡೆಯಲು ತೊಂದರೆ ಇಲ್ಲ ಎಂದು ಹಾಗೇ ಒಯ್ದ. ಹಡಗಿನ ಅಡಿಗೆಕೋಣೆಯಲ್ಲಿ ಒಲೆಯ ಪಕ್ಕ ಸಿಮೆಂಟು ಹಾಕಿ ಅದನ್ನು ಕೂರಿಸಿದನಂತೆ.

ಕಲ್ಲು ಅಲ್ಲಿ ಕೂತಿತು, ಅದರೊಳಗೆ ತಿರುಗಿಸುವ ಗುಂಡು ಕೂರಲಿಲ್ಲ. ನಮ್ಮಲ್ಲಿ ಕಲ್ಲನ್ನೂ ಗುಂಡನ್ನೂ ಬೇರೆ ಮಾಡುವ ಕ್ರಮವಿಲ್ಲ. ಆದರೆ ಅವನು ಒಂದು ಸಲ ಊರಿಗೆ ಬಂದು ಹಿಂದಿರುಗಿ ಹೋದಾಗ, ಹಡಗಿನ ಹುಡುಗರು ಗುಂಡಿನಿಂದ ತುಕ್ಕು ಹಿಡಿದ ಬೋಲ್ಟು ಗುದ್ದಿ ಅದರ ಬುಡದಲ್ಲಿ ಕುಳಿ ಮಾಡಿದ್ದರು. ಅಂದಿನಿಂದ ಹಡಗಿನಿಂದ ಇಳಿದರೆ ಗುಂಡು ಒಂದು ಬಟ್ಟೆಚೀಲದಲ್ಲಿ ಅವನ ಹೆಗಲಿಗೆ ಬರುತ್ತಿತ್ತು. ಊರಿಗೆ ಬರುವಾಗ ಬಿಡಿ, ಬಂದರಿನಲ್ಲಿ ಕ್ಷೌರಕ್ಕೆ ಹೋಗುವಾಗಲೂ. ಕಡಬದ ಬಸ್ಸಿನ ಕಂಡಕ್ಟರ್ ಒಮ್ಮೆ ಚೀಲ ಎತ್ತಿ ನೋಡಿ, ಇದಕ್ಕೂ ಟಿಕೆಟು ಆಗಬೇಕು ದೇರಣ್ಣ, ನಿಮಗಿಂತ ಹೆಚ್ಚು ತೂಕ ಉಂಟು ಎಂದಿದ್ದನಂತೆ. ಅವನ ಹೆಂಡತಿ ಕುಮುದಿನಿ ಆ ಗುಂಡಿಗೆ ಸವತಿ ಎಂದೇ ಹೆಸರಿಟ್ಟಿದ್ದಳು. ಬಂದ ಕೂಡಲೇ, ಸವತಿಗೆ ಚಾ ಆಗಬೇಕಾ ಎಂದು ಕೇಳುವಳು.

ಆ ಹಡಗು ಒಂದು ನಸುಕಿನಲ್ಲಿ ಮುಳುಗಿತು. ಹೆಚ್ಚು ದೂರ ಹೋಗಿರಲಿಲ್ಲ, ದಡದ ದೀಪ ಕಾಣುವಷ್ಟೇ ದೂರದಲ್ಲಿತ್ತು. ಕೆಲವರ ಶವ ಸಿಕ್ಕಿತು. ದೇರಣ್ಣನದು ಸಿಗಲಿಲ್ಲ. ಬದುಕಿ ಬಂದವನು ಮಮ್ಮು ಒಬ್ಬನೇ, ಇಂಜಿನ್ ನೋಡಿಕೊಳ್ಳುತ್ತಿದ್ದ ಬ್ಯಾರಿ. ಕೈಕಾಲು ಸರಿಯಾದ ಮೇಲೆ ನಮ್ಮಲ್ಲಿಗೆ ಹುಡುಕಿಕೊಂಡು ಬಂದ. ಚಾವಡಿಯಲ್ಲಿ ಕೂತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

"ನಾನು ಸುಳ್ಳು ಹೇಳುದಿಲ್ಲ ವೆಂಕಪ್ಪಣ್ಣ. ಹೊರಡುವ ಸಂಜೆ ಅವ್ರು ಇಳಿದು ಹೋಗುದನ್ನು ನೋಡಿದ್ದೇನೆ. ಗುಂಡಿನ ಚೀಲ ಹೆಗಲಲ್ಲಿತ್ತು. ವಾಪಸು ಹತ್ತಿದ್ದು ನೋಡ್ಲಿಲ್ಲ. ನಾನು ಕೆಳಗೆ ಇಂಜಿನಿನ ಹತ್ರ ಇದ್ದೆ."

ಅವನು ಹೇಳಿದ್ದು ಅಷ್ಟೇ. ಕುಮುದಿನಿ ಆ ಮಾತನ್ನು ಹಿಡಿದುಕೊಂಡಳು.

"ಹತ್ತದವರು ಮುಳುಗುದು ಹೇಗೆ ಭಾವ?" ಎಂದು ನನ್ನನ್ನು ಕೇಳಿದಳು. ಹತ್ತದವನು ಮನೆಗೆ ಯಾಕೆ ಬರಲಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ.

ಹಾಗೆ ವರ್ಷಗಳು ಹೋದವು. ಕುಮುದಿನಿ ಕರಿಮಣಿ ತೆಗೆಯಲಿಲ್ಲ. ನಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಒಳಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ ಬಡಿಸುವ ಕ್ರಮ ಇದೆ. ಮನೆಗೆ ಹಿರಿಯವನಾದ ನಾನು ಒಬ್ಬೊಬ್ಬರ ಹೆಸರು ಹೇಳಿ ಕರೆಯಬೇಕು. ಮತ್ತೆ ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಉಂಡಾಯಿತು ಎನ್ನುವಷ್ಟು ಹೊತ್ತು ಬಿಟ್ಟು, ನಾನು ಒಮ್ಮೆ ಕೆಮ್ಮಿ ಬಾಗಿಲು ತೆಗೆಯಬೇಕು. ಆ ಸಾಲಿನಲ್ಲಿ ದೇರಣ್ಣನಿಗೆ ಎಲೆ ಹಾಕಲು ಅವಳು ಬಿಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬದುಕಿರುವವನನ್ನು ಆ ಸಾಲಿಗೆ ಕರೆಯಬಾರದು. ಸತ್ತವನನ್ನು ಕರೆಯದೆ ಬಿಟ್ಟರೆ ಅವನು ಹೊರಗೇ ನಿಂತಿರುತ್ತಾನೆ. ಎರಡೂ ನನಗೆ ಗೊತ್ತಿತ್ತು. ಯಾವುದೆಂದು ಗೊತ್ತಿರಲಿಲ್ಲ.

ಈ ಸಲ ದೇರಣ್ಣನ ಮಗಳು ಪ್ರಣೀತಾಳಿಗೆ ಐವರ್ನಾಡಿನ ಕಡೆ ಸಂಬಂಧ ನಿಶ್ಚಯವಾಯಿತು. ಮದುವೆಗೆ ಮುಂಚೆ ಹಿರಿಯರಿಗೆ ಬಡಿಸದೆ ಆಗುವುದಿಲ್ಲ. ಮದುವೆ ಕಾಗದ ಅಚ್ಚು ಮಾಡುವ ಕಡಬದ ಪ್ರೆಸ್ಸಿನವನೂ ಫೋನಿನಲ್ಲಿ ಅದನ್ನೇ ಕೇಳಿದ, ಹುಡುಗಿಯ ಅಪ್ಪನ ಹೆಸರಿನ ಹಿಂದೆ ದಿವಂಗತ ಅಂತ ಹಾಕುದಾ, ಬೇಡವಾ. ಪ್ರಣೀತಾ ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟಳು. ಕುಮುದಿನಿ ಬಟ್ಟಲು ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ.

ಆ ವಾರವೇ ಲಿಬಿನ್ ಬಂದದ್ದು. ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ರಬ್ಬರ್ ಇರುವ ವರ್ಗೀಸ್ ಚೇಟನ ಮಗ. ರಬ್ಬರ್ ಹಾಲು ತೆಗೆಯಲು ಉದಾಸೀನ ಎಂದು ಬೈಸಿಕೊಂಡವನು ಎಲ್ಲೋ ಅಂಡಮಾನಿಗೆ ಹೋಗಿ ಸಮುದ್ರದಲ್ಲಿ ಮುಳುಗುವ ಕೆಲಸ ಕಲಿತ. ಈಗ ಮಂಗಳೂರಿಂದ ಬಡಗಿನ ಕಡಲಕರೆಯಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಜನರನ್ನು ನೀರಿನೊಳಗೆ ಕರೆದುಕೊಂಡು ಹೋಗಿ ಮೀನು, ಬಂಡೆ ತೋರಿಸುತ್ತಾನೆ. ಈ ವರ್ಷದಿಂದ, ಹಿಂದೆಂದೋ ಮುಳುಗಿದ ಒಂದು ಹಡಗನ್ನೂ ತೋರಿಸುತ್ತಾರಂತೆ. ಅವನ ಅಮ್ಮ ತ್ರೇಸ್ಯಾಕುಟ್ಟಿ ಕೊಟ್ಟ ಕೇಕು ಹಿಡಿದುಕೊಂಡು ಬಂದವನು, ಪ್ರಣೀತಾಳಿಗೆ ತೋರಿಸಲು ಮೊಬೈಲಿನಲ್ಲಿ ವೀಡಿಯೋ ಹಾಕಿದ. ನಾನೂ ಬಗ್ಗಿ ನೋಡಿದೆ.

ಹಸಿರು ನೀರು. ಪಾಚಿ ಹಿಡಿದ ಕಬ್ಬಿಣ. ಒಂದು ಕಡೆ ಒಬ್ಬ ಕಾಲು ಮಡಚಿ ಕೂತಿದ್ದಾನೆ, ಬಾಯಲ್ಲಿ ನಳಿಗೆ, ಮೂಗಿನ ಮೇಲೆ ಗಾಜು. ಅವನೆದುರು ಒಂದು ದುಂಡು ಕಲ್ಲು. ಅವನು ಕೈ ತಿರುಗಿಸುತ್ತಿದ್ದಾನೆ. ಇನ್ನೊಬ್ಬಳು ಕಾಯಿತುರಿ ಹಾಕಿದ ಹಾಗೆ ಮಾಡುತ್ತಿದ್ದಾಳೆ.

"ಇದು ನಮ್ಮ ಫೇಮಸ್ ಫೋಟೋ ಜಾಗ. ಬಂದವ್ರೆಲ್ಲ ಇಲ್ಲಿ ಮಸಾಲೆ ಕಡೀಲೇಬೇಕು," ಎಂದ ಲಿಬಿನ್. ಪ್ರಣೀತಾ ನಕ್ಕಳು. ನನಗೂ ನಗು ಬಂತು.

ಹಿಂದಿನಿಂದ ಕುಮುದಿನಿ ಹೇಳಿದಳು, "ಅದನ್ನು ಅಲ್ಲಿಗೇ ನಿಲ್ಲಿಸು."

ಅವಳು ಬಾಗಿಲಿನ ಹತ್ತಿರ ಹೋಗಿ ಅಡ್ಡ ಇಟ್ಟಿದ್ದ ಚೂರನ್ನು ತಂದಳು. ಬಾಗಿಲು ತಾನೇ ಮುಚ್ಚಿಕೊಂಡಿತು. ಚೂರನ್ನು ತಿರುಗಿಸಿ ಮೊಬೈಲಿನ ಪಕ್ಕ ಹಿಡಿದಳು. ಕಲ್ಲಿನ ಬಾಯಿ ಒಡೆದ ಕಡೆ ಎಷ್ಟು ಓರೆಯಿತ್ತೋ ಚೂರಿಗೂ ಅಷ್ಟೇ ಓರೆ. ಲಿಬಿನ್ ಮೊಬೈಲನ್ನು ಕಿಸೆಗೆ ಹಾಕಲು ನೋಡಿದ, ಅವಳು ಬಿಡಲಿಲ್ಲ.

"ಅಕ್ಕ, ದೇವರಾಣೆ ನನಗೆ ಗೊತ್ತಿರ್ಲಿಲ್ಲ. ದೇರಣ್ಣನ ಹಡಗು ಅಂತ ಯಾರೂ ಹೇಳ್ಲಿಲ್ಲ."

"ಗುಂಡು ಎಲ್ಲಿ?"

"ಗುಂಡು ಇಲ್ಲ ಅಕ್ಕ. ಇದ್ದಿದ್ರೆ ಅವ್ರು ಬರೀ ಕೈಯಲ್ಲಿ ಯಾಕೆ ಕಡೀತಿದ್ರು?"

ಕುಮುದಿನಿ ಚೂರನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಲ್ಲು ಸಿಮೆಂಟಿನಲ್ಲಿ ಕೂತದ್ದು, ಅದು ಹಡಗಿನ ಜೊತೆ ಹೋಗಲೇಬೇಕು. ಗುಂಡು ಹಾಗಲ್ಲ. ಅವನು ಇಳಿದರೆ ಗುಂಡು ಇಳಿಯುತ್ತದೆ, ಹತ್ತಿದರೆ ಹತ್ತುತ್ತದೆ. ಅವಳು ತೀರ್ಮಾನ ಹೇಳಿದಳು. ಲಿಬಿನ್ ಒಮ್ಮೆ ಸರಿಯಾಗಿ ಹುಡುಕಬೇಕು. ಗುಂಡು ಅಲ್ಲಿದ್ದರೆ ಎಲೆ ಹಾಕುವುದು. ಇಲ್ಲದಿದ್ದರೆ ಹಾಕುವುದಿಲ್ಲ, ಇನ್ನು ಮುಂದೆ ಆ ಮಾತು ಎತ್ತಲೂ ಬಾರದು.

"ನೀವೂ ಹೋಗಿ ಭಾವ. ಅವ ಕೆಳಗೆ ನೋಡ್ಲಿ, ನೀವು ಮೇಲೆ ಕೂತಿರಿ. ಮನೆಯವ್ರು ಒಬ್ರು ಅಲ್ಲಿ ಇರ್ಬೇಕು."

ನಾನು ಹೋದೆ. ಲಿಬಿನ್ ತನ್ನ ಜೀಪಿನಲ್ಲಿ ಕರೆದುಕೊಂಡು ಹೋಗಿ, ಮಾರನೆಯ ಬೆಳಿಗ್ಗೆ ದೋಣಿಯಲ್ಲಿ ಕೂರಿಸಿದ. ನನಗೊಂದು ಕಿತ್ತಳೆ ಬಣ್ಣದ ಅಂಗಿ ತೊಡಿಸಿದರು, ಬಿದ್ದರೆ ತೇಲುವಂಥದ್ದು. ಹಾಸನದ ಕಡೆಯ ಒಂದು ಗುಂಪು ಇತ್ತು, ಗಂಡು ಹೆಣ್ಣು ಸೇರಿ. ಅಜ್ಜ, ನೀವೂ ಮುಳುಗ್ತೀರಾ ಎಂದು ಒಬ್ಬಳು ಕೇಳಿದಳು. ನಾನು ಕುಮಾರಧಾರೆಯಲ್ಲಿ ಮುಳುಗಿದ್ದೇ ಸಾಕು ಎಂದೆ. ಅವರೆಲ್ಲ ನಕ್ಕರು. ಒಳ್ಳೆಯ ಮಕ್ಕಳು. ಒಬ್ಬ ತನ್ನ ಬಿಸ್ಕತ್ತು ಕೊಟ್ಟ.

ಲಿಬಿನ್ ಅವರಿಗೆ ಕೈಸನ್ನೆ ಹೇಳಿಕೊಟ್ಟ. ನೀರಿನೊಳಗೆ ಮಾತಿಲ್ಲ. ಹೆಬ್ಬೆರಳು ಮೇಲೆ ಮಾಡಿದರೆ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗಬೇಕು ಎಂದು. ಚೆನ್ನಾಗಿದ್ದರೆ ಬೆರಳು ದುಂಡಗೆ ಮಾಡಬೇಕು. ಅವರು ಪರೀಕ್ಷೆಗೆ ಕೂತವರಂತೆ ಬೆರಳು ದುಂಡಗೆ ಮಾಡಿದರು. ಮಸಾಲೆ ಕಡೆಯುವ ಫೋಟೋ ಯಾವಾಗ ಎಂದು ಒಬ್ಬ ಕೇಳಿದ. ಇವತ್ತು ಅಡಿಗೆಮನೆಗೆ ರಜೆ ಎಂದ ಲಿಬಿನ್, ನನ್ನ ಕಡೆ ನೋಡದೆ.

ಹಡಗು ಇರುವ ಜಾಗ ಬಂದಾಗ ದೋಣಿ ನಡೆಸುವ ಚೆನ್ನು ಒಂದು ಹಳದಿ ಡಬ್ಬವನ್ನು ನೀರಿಗೆ ಬಿಟ್ಟ. ಅದಕ್ಕೆ ಉದ್ದದ ಹಗ್ಗ, ಹಗ್ಗದ ತುದಿಗೆ ಭಾರ ಕಟ್ಟಿದ ಬಲೆಚೀಲ. ಭಾರ ತಳಕ್ಕೆ ಹೋಗಿ ಕೂರುತ್ತದೆ, ಡಬ್ಬ ಮೇಲೆ ತೇಲುತ್ತದೆ, ಇಳಿಯುವವರು ಆ ಹಗ್ಗ ಹಿಡಿದುಕೊಂಡೇ ಇಳಿಯಬೇಕು. ಒಬ್ಬೊಬ್ಬರಾಗಿ ಹಿಂದಕ್ಕೆ ಮಗುಚಿ ಬಿದ್ದರು. ತಲೆಗಳು ಕಾಣಿಸಿದವು, ಮತ್ತೆ ಕಾಣಿಸಲಿಲ್ಲ.

ನಾನು ಹಲಗೆಯ ಮೇಲೆ ಕೂತೆ. ನೀರಿನ ಮೇಲೆ ಗುಳ್ಳೆ ಬರುತ್ತಿತ್ತು, ಅನ್ನದ ಪಾತ್ರೆಯಲ್ಲಿ ಬರುವ ಹಾಗೆ. ಚೆನ್ನು ಬೀಡಿ ಹಚ್ಚಿ, ಇವರು ನೋಡಲು ಇಳಿಯುತ್ತಾರೆ, ನಮ್ಮ ಕಾಲದಲ್ಲಿ ಬಲೆ ಸಿಕ್ಕಿಕೊಂಡರೆ ಮಾತ್ರ ಇಳಿಯುತ್ತಿದ್ದೆವು ಎಂದ. ನಾನು ಹೌದು ಎಂದೆ. ತಮ್ಮ ಇಷ್ಟು ನೀರಿನ ಕೆಳಗೆ ಇದ್ದಾನೆ ಎಂದು ಯೋಚಿಸಲು ನೋಡಿದೆ. ಏನೂ ಆಗಲಿಲ್ಲ. ಬಿಸಿಲು ಬೆನ್ನಿಗೆ ಬೀಳುತ್ತಿತ್ತು. ಬಿಸ್ಕತ್ತು ತಿಂದೆ.

ಲಿಬಿನ್ ಮೊದಲು ಗುಂಪನ್ನು ಮೇಲೆ ತಂದುಬಿಟ್ಟು, ಸಿಲಿಂಡರ್ ಬದಲಿಸಿ, ಒಬ್ಬನೇ ಮತ್ತೊಮ್ಮೆ ಇಳಿದ. ಹಾಸನದವರು ಒದ್ದೆ ತಲೆಯಲ್ಲಿ ಕೂತು ಕಂಡ ಮೀನಿನ ಲೆಕ್ಕ ಹೇಳಿಕೊಂಡರು. ತುಂಬ ಹೊತ್ತಿನ ಮೇಲೆ ಬಂದ. ಮುಖದ ಗಾಜು ತೆಗೆದು ತಲೆ ಅಲ್ಲಾಡಿಸಿದ. ಒಲೆಯ ಸುತ್ತ ಕೈಯಲ್ಲಿ ತಡವಿದ್ದಾನೆ, ಹೂಳು ಬಗೆದಿದ್ದಾನೆ, ಪಾತ್ರೆಯ ಚೂರು ಸಿಕ್ಕಿದೆ, ಗುಂಡು ಇಲ್ಲ.

ಅವನಿಗೆ ಸಮಾಧಾನವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು. ಪ್ಲಾಸ್ಟಿಕ್ ತೊಟ್ಟೆಯಲ್ಲಿದ್ದ ಮೊಬೈಲು ತೆಗೆದು ಅಲ್ಲಿಂದಲೇ ಮನೆಗೆ ಫೋನು ಮಾಡಿದ. ಊರಿಗೆ ಹೋಗಿ ಹೇಳಿದರಾಯಿತು ಎಂದು ನಾನು ಹೇಳುವ ಮೊದಲೇ ಅವನು ಹೇಳಿ ಆಗಿತ್ತು. ಗುಂಡು ಇಲ್ಲ ಅಕ್ಕ, ಎಲ್ಲ ಕಡೆ ನೋಡಿದೆ, ಇಲ್ಲ. ಆ ಕಡೆಯಿಂದ ಕುಮುದಿನಿ ಏನೋ ಕೇಳಿದಳು. ಹೌದಕ್ಕ, ಖಂಡಿತ ಎಂದ.

ಹೊರಡುವ ಹೊತ್ತಿಗೆ ಚೆನ್ನು ಹಗ್ಗ ಎಳೆಯತೊಡಗಿದ. ಎಳೆದು ಎಳೆದು ಬಲೆಚೀಲವನ್ನು ದೋಣಿಯೊಳಗೆ ನನ್ನ ಕಾಲಿನ ಹತ್ತಿರ ಹಾಕಿದ. ಒಳಗೆ ನಾಲ್ಕಾರು ಕಲ್ಲುಗಳು, ಒಂದು ಕಬ್ಬಿಣದ ತುಂಡು. ಕಲ್ಲುಗಳಲ್ಲಿ ಒಂದು ಉದ್ದಕ್ಕಿತ್ತು. ಮೈಯೆಲ್ಲ ಚಿಪ್ಪು ಹಿಡಿದು ಹೂಕೋಸಿನ ಹಾಗಾಗಿತ್ತು. ನಾನು ಬಲೆಯ ಹೊರಗಿನಿಂದಲೇ ಅದಕ್ಕೆ ಕೈ ಹಾಕಿದೆ. ಚಿಪ್ಪು ಚುಚ್ಚಿತು. ಆದರೂ ಕೈ ಒಂದು ಕಡೆ ಹೋಗಿ ನಿಂತಿತು, ಮೇಲಿನ ತುದಿಗಿಂತ ಸ್ವಲ್ಪ ಕೆಳಗೆ, ಸಣ್ಣಗಾದ ಕಡೆ. ನಮ್ಮ ಅಮ್ಮನ ಕೈ ಅಲ್ಲಿ ಹಿಡಿದು ಸವೆದದ್ದು, ಆಮೇಲೆ ದೇರಣ್ಣನ ಕೈ. ಕೆಳಗಿನ ತುದಿಯಲ್ಲಿ ಬೋಲ್ಟು ಗುದ್ದಿ ಬಿದ್ದ ಕುಳಿ, ಅದರಲ್ಲೂ ಒಂದು ಚಿಪ್ಪು ಕೂತಿತ್ತು.

"ಇದು ಎಲ್ಲಿಯದ್ದು?" ಎಂದು ಕೇಳಿದೆ.

ಲಿಬಿನ್ ನೋಡಿದ. ಹತ್ತಿರ ಬಂದು ಕೂತು ಬಲೆ ಬಿಚ್ಚಿದ.

"ಈ ಹಡಗಿಗೆ ಮೊದಲನೇ ಸಲ ಇಳಿದಾಗ ನಾನೇ ತೆಗೆದದ್ದು ವೆಂಕಪ್ಪಣ್ಣ. ಒಲೆಯ ಸಂದಿಯಲ್ಲಿತ್ತು, ಆ ಕಲ್ಲಿನ ಪಕ್ಕ. ಗೆಸ್ಟುಗಳ ಕಾಲಿಗೆ ತಾಗ್ತದೆ ಅಂತ ತೆಗೆದು ಭಾರಕ್ಕೆ ಈ ಚೀಲಕ್ಕೆ ಹಾಕಿದೆ. ಸಮುದ್ರದ ಕಲ್ಲು ಅಂತ ಗ್ರಹಿಸಿದ್ದು."

ಅಂದಿನಿಂದ ಇಳಿದವರೆಲ್ಲ ಅದಕ್ಕೆ ಕಟ್ಟಿದ ಹಗ್ಗ ಹಿಡಿದುಕೊಂಡೇ ಇಳಿದದ್ದು. ಇವತ್ತು ಅದನ್ನು ಹುಡುಕಲು ಹೋದ ಅವನೂ ಅದೇ ಹಗ್ಗ ಹಿಡಿದುಕೊಂಡು ಹೋಗಿದ್ದ. ನಾನು ಹೆಗಲಿನ ಬೈರಾಸು ಬಿಚ್ಚಿ ಗುಂಡನ್ನು ಅದರಲ್ಲಿ ಸುತ್ತಿದೆ. ಹಾಸನದ ಹುಡುಗಿ ಅದೇನು ಎಂದು ಕೇಳಿದಳು. ಮನೆಯದ್ದು ಎಂದೆ.

ದಾರಿಯಲ್ಲಿ ಅವನು ಎರಡು ಸಲ ಜೀಪು ನಿಲ್ಲಿಸಿದ. ಫೋನು ಮಾಡಿ ಹೇಳಲೇ ಎಂದು ಕೇಳಿದ. ಬೇಡ ಎಂದೆ. ಉಪ್ಪಿನಂಗಡಿಯಲ್ಲಿ ಚಾ ಕುಡಿದೆವು. ಗುಂಡು ನನ್ನ ತೊಡೆಯ ಮೇಲೆ ಇತ್ತು, ಅದರ ನೀರು ಪಂಚೆಗೆ ಇಳಿಯುತ್ತಿತ್ತು. ಹೇಳದೆ ಇದನ್ನು ಹೊಳೆಗೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಕುಮಾರಧಾರೆಯ ಸೇತುವೆ ದಾಟುವಾಗ ಒಮ್ಮೆ ಬಂತು ಮನಸ್ಸಿಗೆ. ಲಿಬಿನ್ ಕೂಡ ಸೇತುವೆಯಲ್ಲಿ ಜೀಪು ನಿಧಾನ ಮಾಡಿದ. ನಾನು ಮುಂದೆ ನೋಡಿಕೊಂಡೇ ಇದ್ದೆ. ಸೇತುವೆ ಮುಗಿಯಿತು.

ಅಂಗಳಕ್ಕೆ ಕಾಲಿಡುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಹಗ್ಗದಲ್ಲಿ ಗಂಡಸರ ಬಟ್ಟೆ ಒಣಗುತ್ತಿತ್ತು. ದೇರಣ್ಣನ ಅಂಗಿಗಳು. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದದ್ದನ್ನು ತೆಗೆದು ಒಗೆದು ಹಾಕಿದ್ದಾಳೆ. ನೀಲಿ ಗೀಟಿನದ್ದು, ಬಿಳಿಯದ್ದು, ಕಾಲರು ಹರಿದ ಒಂದು. ಪ್ರಣೀತಾ ಮೆಟ್ಟಿಲಲ್ಲಿ ಕೂತಿದ್ದಳು. ಅಮ್ಮ ಪ್ರೆಸ್ಸಿಗೆ ಫೋನು ಮಾಡಿಸಿದರು ದೊಡ್ಡಪ್ಪ, ದಿವಂಗತ ಬೇಡ ಅಂತ ಹೇಳಿದೆ ಎಂದಳು.

ಕುಮುದಿನಿ ಹೊರಗೆ ಬಂದಳು. ಅವಳು ನಗುತ್ತಿದ್ದಳು. ನನ್ನ ಮುಖ ನೋಡಿದಳು, ಮತ್ತೆ ಕೈಯಲ್ಲಿದ್ದ ಬೈರಾಸು ನೋಡಿದಳು. ಒದ್ದೆ ಬಟ್ಟೆಯಲ್ಲಿ ಗುಂಡಿನ ಆಕಾರ ಕಾಣುತ್ತಿತ್ತು. ನಾನು ಬಿಚ್ಚಲಿಲ್ಲ. ಲಿಬಿನ್ ಜೀಪಿನ ಹತ್ತಿರವೇ ನಿಂತಿದ್ದ.

ಅವಳು ಕೈ ಚಾಚಿದಳು. ಕೊಟ್ಟೆ. ಕಂಕುಳಲ್ಲಿಟ್ಟುಕೊಂಡು ಹಗ್ಗದ ಹತ್ತಿರ ಹೋಗಿ, ಇನ್ನೊಂದು ಕೈಯಲ್ಲಿ ಅಂಗಿಗಳನ್ನು ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಂಡಳು. ಒಣಗಿದ್ದನ್ನೂ ಒದ್ದೆಯನ್ನೂ ಬೇರೆ ಮಾಡಲಿಲ್ಲ.

"ಲಿಬಿನ್‌ಗೆ ಚಾ ಕೊಡು," ಎಂದಳು ಮಗಳಿಗೆ. "ಮತ್ತೆ ಪ್ರೆಸ್ಸಿನವ್ರಿಗೆ ಇನ್ನೊಮ್ಮೆ ಫೋನ್ ಮಾಡು."

ಬಚ್ಚಲಿನ ಹತ್ತಿರ ಕೂತು ಕತ್ತಿಯ ಬೆನ್ನಿನಿಂದ ಚಿಪ್ಪು ಹೆರೆದಳು. ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದಳು. ಕಪ್ಪು ಕಲ್ಲು ಹೊರಗೆ ಬಂತು, ಅಲ್ಲಲ್ಲಿ ಬಿಳಿ ಕಲೆ ಮಾತ್ರ ಹೋಗಲಿಲ್ಲ. ಅದಕ್ಕೆ ಕಲ್ಲು ಇಲ್ಲ, ಕಲ್ಲು ಅಲ್ಲೇ ಸಿಮೆಂಟಿನಲ್ಲಿ ಕೂತಿದೆ. ಗುಂಡನ್ನು ಎಲ್ಲಿಡುವುದೆಂದು ಅವಳು ಸ್ವಲ್ಪ ಹೊತ್ತು ನಿಂತಳು. ಕೊನೆಗೆ ಒಳಬಾಗಿಲಿನ ಬುಡದಲ್ಲಿ, ಒಡೆದ ಚೂರಿನ ಪಕ್ಕ ಮಲಗಿಸಿದಳು.

ಕರಿಮಣಿ ಯಾವಾಗ ತೆಗೆದಳೋ ನಾನು ನೋಡಲಿಲ್ಲ. ಮಾರನೆಯ ದಿನ ಇರಲಿಲ್ಲ. ಅವನಿಗೆ ಮಾಡಬೇಕಾದದ್ದನ್ನು ಬಂಧುಗಳನ್ನು ಕರೆದು ಚಿಕ್ಕದಾಗಿ ಮಾಡಿದೆವು. ಮಮ್ಮು ಸುದ್ದಿ ಕೇಳಿ ಬಂದು ಅಂಗಳದಲ್ಲಿ ನಿಂತು ಹೋದ. ಯಾರೂ ಜೋರಾಗಿ ಅಳಲಿಲ್ಲ, ಅದಕ್ಕೆ ಹೊತ್ತು ಮೀರಿತ್ತು.

ಮದುವೆಗೆ ಮುಂಚಿನ ವಾರ ಹಿರಿಯರಿಗೆ ಬಡಿಸಿದೆವು. ಕುಮುದಿನಿ ಎಲ್ಲವನ್ನೂ ತಾನೇ ಮಾಡಿದಳು. ಮಿಕ್ಸಿ ಮುಟ್ಟಲಿಲ್ಲ, ವರ್ಗೀಸ್ ಚೇಟನ ಮನೆಗೆ ಹೋಗಿ ಅವರ ಅಮ್ಮಿಕಲ್ಲಿನಲ್ಲಿ ಅರೆದು ತಂದಳಂತೆ. ಎಲೆ ಹಾಕುವಾಗ ಸಾಲಿನ ಕೊನೆಯಲ್ಲಿ ಒಂದು ಎಲೆ ಹೆಚ್ಚು. ನಾನು ಅಪ್ಪನನ್ನು ಕರೆದೆ, ಅಮ್ಮನನ್ನು ಕರೆದೆ, ದೊಡ್ಡಪ್ಪಂದಿರನ್ನು ಕರೆದೆ. ಕೊನೆಯ ಎಲೆಯ ಮುಂದೆ ನಿಂತು ದೇರಣ್ಣ ಎಂದೆ. ನನ್ನ ಸ್ವರ ಎಂದಿನ ಹಾಗೇ ಇತ್ತು. ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುವಾಗಲೂ ಹೀಗೇ ಕರೆದದ್ದು.

ಹೊರಗೆ ಬಂದು ಚೂರನ್ನು ಕಾಲಿನಲ್ಲಿ ಸರಿಸಿದೆ. ಗುಂಡನ್ನು ಕುಮುದಿನಿ ಎತ್ತಿಕೊಂಡಳು. ಬಾಗಿಲು ತಾನೇ ಮುಚ್ಚಿಕೊಂಡಿತು. ನಾವು ಚಾವಡಿಯಲ್ಲಿ ನಿಂತೆವು. ಒಳಗಿನಿಂದ ಕೋಳಿ ಸಾರಿನ ಪರಿಮಳ ಬರುತ್ತಿತ್ತು. ಎಂದಿನಷ್ಟು ಹೊತ್ತು ಆಯಿತು. ನಾನು ಕೆಮ್ಮಲು ಗಂಟಲು ಸರಿಮಾಡಿಕೊಂಡೆ.

"ಸ್ವಲ್ಪ ತಡೀರಿ ಭಾವ," ಎಂದಳು ಕುಮುದಿನಿ. "ಅವ್ರು ಉಣ್ಣುದು ನಿಧಾನ ಅಲ್ವಾ."

ನಾನು ಕೆಮ್ಮಲಿಲ್ಲ. ಪ್ರಣೀತಾ ಗೋಡೆಗೆ ಒರಗಿದಳು. ಗುಂಡು ಭಾರವಾಗಿರಬೇಕು, ಕುಮುದಿನಿ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಉಳಿದವರೆಲ್ಲ ಉಂಡು ಎದ್ದಿರಬಹುದು. ನಾವು ನಿಂತೇ ಇದ್ದೆವು.